ರಜಾಕಸಾಬ ಕಿತ್ತ ಬಲ್ಬು

“ಅನ್ನಂಗಿಲ್ಲಂದ್ರ ಅನ್ನಂಗಿಲ್ಲ! ಕುತಿಗಿ ಒತ್ತಿ ಅನಸ್ತೀರೇನು?”

ಶ್ರೀಶೈಲನ ದನಿಗೆ ಅಂಗಳದ ಮಂದಿಯೆಲ್ಲ ತಿರುಗಿ ನೋಡಿದರು. ಮನೆಯೊಳಗಿನ ಹೆಂಗಸರ ಅಳು ಕೂಡ ಅರೆಗಳಿಗೆ ನಿಂತಿತು.

ಬೇವಿನ ಗಿಡದ ಕೆಳಗೆ ಹೆಣ ಹೊರುವ ಮಂಚ, ಜನಾಜ, ಇಟ್ಟಿದ್ದರು. ಇಂಡಿಯ ಬಸ್ ನಿಲ್ದಾಣದ ಹಿಂದೆ, ತಲೆಗೂದಲು ಕಪ್ಪಗಿದ್ದಾಗಿನಿಂದ ಬೆಳ್ಳಗಾಗುವ ತನಕ ಗಾಡಿಗಳ ಕೆಳಗೆ ಮಲಗಿದ ಮಿಸ್ತ್ರಿ ಅಬ್ದುಲರಜಾಕ ಇವತ್ತು ಎಲ್ಲರ ಕಣ್ಣೆದುರಿಗೆ, ಬಿಳಿ ಬಟ್ಟೆಯಲ್ಲಿ, ಮೈಮೇಲೆ ಗ್ರೀಸಿನ ಒಂದು ಕಲೆಯೂ ಇಲ್ಲದೆ ಮಲಗಿದ್ದ. ನಿನ್ನೆ ಮಧ್ಯಾಹ್ನ ಒಂದು ಟೆಂಪೋದ ಕೆಳಗೆ ಹೋದವನು ಹೊರಗೆ ಬರಲಿಲ್ಲ. ಟೆಂಪೋದ ಮಾಲೀಕ ಚಹಾ ಕುಡಿದು ಬಂದು, ಹೊರಗೆ ಕಾಣುತ್ತಿದ್ದ ಎರಡು ಪಾದ ನೋಡಿ, “ರಜಾಕಸಾಬ್ರ, ನಿದ್ದಿ ಬಂತೇನ್ರಿ?” ಅಂತ ನಗಾಡಿದ್ದನಂತೆ.

ಜನಾಜ ಎತ್ತುವ ಮೊದಲು ಮಗ ಕೇಳಬೇಕಾದ ಮಾತೊಂದಿರುತ್ತದೆ. ಸರ್ಫರಾಜ ಕೈಮುಗಿದು ಕೇಳಿದ್ದ: “ನಮ್ಮ ಅಬ್ಬಾನಿಂದ ಯಾರಿಗರ ತ್ರಾಸ ಆಗಿದ್ರ, ಮನಸ್ಸ ನೊಂದಿದ್ರ, ಅಲ್ಲಾನ ವಾಸ್ತೆ ಮಾಫ್ ಮಾಡ್ರಿ.” ಸುತ್ತಲಿನಿಂದ “ಮಾಫ್, ಮಾಫ್” ಅಂತ ದನಿ ಎದ್ದಿತ್ತು. ಟೆಂಪೋ ಡ್ರೈವರುಗಳು, ನಿಂಬೆಹಣ್ಣಿನ ವ್ಯಾಪಾರಿಗಳು, ದ್ರಾಕ್ಷಿ ತೋಟದವರು, ಟೋಪಿ ಹಾಕಿದವರು, ವಿಭೂತಿ ಹಚ್ಚಿದವರು ಎಲ್ಲರೂ ಅಂದಿದ್ದರು. ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ ಶ್ರೀಶೈಲ ಒಬ್ಬನೇ, “ನಾ ಮಾಡಂಗಿಲ್ಲ” ಅಂದುಬಿಟ್ಟಿದ್ದ.

ಸರ್ಫರಾಜ ಹತ್ತಿರ ಬಂದ. ಅತ್ತು ಅತ್ತು ಮುಖ ಊದಿಕೊಂಡಿತ್ತು.

“ಕಾಕಾ, ನಿಮ್ಮ ಕಾಲ ಬೀಳ್ತೇನಿ. ಇವತ್ತೊಂದಿನ ಬಿಟ್ಟಬಿಡ್ರಿ.”

“ಇವತ್ತ ಬಿಟ್ರ ನಾಳೆ ಯಾರನ್ನ ಕೇಳ್ಲಿ? ಆ ಮಣ್ಣನ್ನ ಕೇಳ್ಲೇನು?”

“ಏನ್ ಕೇಳೂದೈತಿ ನಿಮಗ?”

“ಅಂವ ನನ್ನ ವ್ಯಾನಿನ ಬಲ್ಬ್ ಯಾಕ ಕಿತ್ತ, ಅದು! ಹೇಳ್ತೀ? ಹೇಳು. ಈಗ ಮಾಫ್ ಅಂತೇನಿ.”

ಸರ್ಫರಾಜ ಕಣ್ಣು ಕೆಳಗೆ ಹಾಕಿದ. ಮಂದಿಯೊಳಗೆ ಗುಜುಗುಜು ಶುರುವಾಯಿತು. ಒಂದು ಬಲ್ಬಿಗೆ ಹೆಣ ಕಾಯಿಸುತ್ತಾನಲ್ಲ ಇವನು ಅಂತ.

“ನೋಡ್ರಪಾ, ಬೀಡಿ ಬಿಟ್ಟ, ಸಿಟ್ಟ ಮಾತ್ರ ಬಿಡಲಿಲ್ಲ,” ಅಂದ ಪರಸಪ್ಪ. ಶ್ರೀಶೈಲನ ಅಕ್ಕ ಶೇವಂತೆವ್ವನ ಗಂಡ ಅವನು. ನಿಂಬೆ ತೋಟ ಇತ್ತು. ಮಂದಿ ಕೂಡಿದಲ್ಲೆಲ್ಲ ಒಂದು ಮಾತು ಒಗೆಯದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ.

“ಮಾಮಾ, ನೀ ಬಾಯಿ ಮುಚ್ಚು. ನಿನ್ನ ಬಾಯಿಂದನ ನಾ ಹಾಳಾಗಿದ್ದು.”

“ನನ್ನ ಬಾಯಿಂದ ಯಾಕೋ? ನಿನ್ನ ಬೀಡಿಯಿಂದ!”

ಶ್ರೀಶೈಲ ಮುಂದೆ ನುಗ್ಗಿದ. ನಾಲ್ಕು ಮಂದಿ ತೆಕ್ಕೆಗೆ ಹಿಡಿದು ನಿಲ್ಲಿಸಿದರು.

*

ಬಲ್ಬಿನ ಕತೆ ಐದಾರು ವರ್ಷ ಹಿಂದಿನದು.

ಆಗ ಶ್ರೀಶೈಲನದು ಸ್ವಂತ ವ್ಯಾನ್. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ, ಯಾವ ದಿಕ್ಕಿಗೆ ಬಾಡಿಗೆ ಬಂದರೂ ಹೋಗುತ್ತಿದ್ದ. ಗಾಡಿ ಎಲ್ಲಿ ನಿಂತರೂ ಎಸ್‌ಟಿಡಿ ಬೂತಿನಿಂದ ಒಂದೇ ಫೋನು, ರಜಾಕಭಾಯಿಗೆ. ಒಮ್ಮೆ ಬಾಗೇವಾಡಿ ದಾಟಿದ ಮೇಲೆ, ಮದುವೆಯ ಮಂದಿಯನ್ನು ಕೂಡಿಸಿಕೊಂಡಾಗ ಫ್ಯಾನ್ ಬೆಲ್ಟ್ ಹರಿಯಿತು. ರಜಾಕಸಾಬ ಕೆಂಪು ಬಸ್ಸಿನಲ್ಲಿ ಬಂದಿಳಿದ. ಕೊರಳಲ್ಲಿ ಹಾರದಂತೆ ಹೊಸ ಬೆಲ್ಟು. “ಮದಲಿಂಗ ಯಾರು, ನೀವೋ ಇವರೋ?” ಅಂತ ಬೀಗರೆಲ್ಲ ನಕ್ಕಿದ್ದರು. ಅಂಥವನು. ಅಂಗಿಗೆ ಪೆಟ್ರೋಲ್ ವಾಸನೆ ಅಂತ ಶುಕ್ರವಾರದ ನಮಾಜಿಗೆ ಮಸೀದಿಯ ಕೊನೆಯ ಸಾಲಿನಲ್ಲೇ ನಿಲ್ಲುವವನು. ಬೇರೆಯವರಿಗೆ ತೊಂದರೆಯಾಗಬಾರದು ಅನ್ನುವವನು. ಅಂಥವನೇ ಬಲ್ಬು ಕಿತ್ತನಲ್ಲ ಅನ್ನುವುದೇ ಶ್ರೀಶೈಲನ ಹೊಟ್ಟೆ ಉರಿಸುತ್ತಿದ್ದದ್ದು.

ಆ ಚಳಿಗಾಲದಲ್ಲಿ, ಝಳಕಿ ದಾಟಿ ಬರುವಾಗ ವ್ಯಾನಿನ ಮುಂದಿನ ಫಲಕದಲ್ಲಿ ಒಂದು ಹಳದಿ ದೀಪ ಹತ್ತಿತು. ಇಂಜಿನ್ನಿನ ಚಿತ್ರದ ದೀಪ. ಹತ್ತಿದ್ದು ಆರಲಿಲ್ಲ. ಗಾಡಿ ಏರಿನಲ್ಲಿ ಮುದಿ ಎತ್ತಿನ ಹಾಗೆ ಮುಗ್ಗರಿಸುತ್ತಿತ್ತು. ಮರುದಿನ ಗ್ಯಾರೇಜಿಗೆ ತಂದು ನಿಲ್ಲಿಸಿದ.

“ಬಲ್ಬ್ ಹತ್ತಿದ್ರ ಹೆದರಬ್ಯಾಡ. ಹತ್ತಿದ್ದನ್ನ ನೋಡದವ ಹೆದರಬೇಕು,” ಅಂದ ರಜಾಕಸಾಬ. ಗಾಡಿ ಚಾಲೂ ಮಾಡಿಸಿ, ಹಿಂದೆ ಹೋಗಿ ಸೈಲೆನ್ಸರಿನ ಬಾಯಿಗೆ ಅಂಗೈ ಒಡ್ಡಿದ. “ಉಸಿರು ಭಾಳ ಸಣ್ಣದೈತಲ್ಲೋ ಇದರದು.”

ಗೋಣಿತಟ್ಟು ಹಾಸಿಕೊಂಡು ಗಾಡಿಯ ಕೆಳಗೆ ಸರಿದ. ಲೋಟದಲ್ಲಿ ನೀರು ಕೇಳಿದ. ಹೊಗೆ ಹೋಗುವ ಕೊಳವೆಗೆ ಮಧ್ಯದಲ್ಲೊಂದು ಉಬ್ಬಿದ ಡಬ್ಬಿ ಇರುತ್ತದೆ. ಡಬ್ಬಿಯ ಮುಂದೆ ನೀರು ಚಿಮುಕಿಸಿದರೆ ಚುರ್ ಅಂದು ಆರಿಹೋಯಿತು. ಹಿಂದೆ ಚಿಮುಕಿಸಿದರೆ ಸುಮ್ಮನೆ ತೊಟ್ಟಿಕ್ಕಿತು. ಆಮೇಲೆ ಡಬ್ಬಿಯ ಮುಂದಿದ್ದ ಸೆನ್ಸರನ್ನು ಪಾನಾ ಹಾಕಿ ಬಿಚ್ಚಿದ. ಆ ತೂತಿನಿಂದ ಹೊಗೆ ಭರ್ರನೆ ಹೊರಟಿತು, ಇಂಜಿನ್ನು ಹುಲಿಯ ಹಾಗೆ ಗರ್ಜಿಸಿತು.

“ಕೇಳಿದೆಲ್ಲ? ಇಂಜಿನ್ ಚಲೋ ಐತಿ. ಈ ಡಬ್ಬಿ ಕಟ್ಟೈತಿ. ಕ್ಯಾಟಲಿಟಿಕ್ ಕನ್ವರ್ಟರ್ ಅಂತಾರ ಇದಕ್ಕ. ಒಳಗ ಜೇನಹುಟ್ಟಿನಂಥಾ ಜಾಳಗಿ ಇರ್ತೈತಿ, ಹೊಗಿಯೊಳಗಿನ ವಿಷಾ ತಿಂತೈತಿ. ಅದರ ತೂತೆಲ್ಲ ಮುಚ್ಚ್ಯಾವ. ಅದಕ್ಕ ದೀಪ ಹತ್ತೈತಿ, ಅದಕ್ಕ ಗಾಡಿ ಜಗ್ಗವಲ್ದು.”

“ಹೊಸಾ ಗಾಡಿ. ಯಾಕ ಮುಚ್ಚಿದ್ವು?”

“ಕಲಬೆರಕಿ ಪೆಟ್ರೋಲಿಗೆ. ಎಲ್ಲಿ ಹಾಕಸ್ತಿ ನೀ?”

“ಬೆಳಗಾಮುಂಜಾನೆ ಯಾವ ಪಂಪ್ ತಗದಿರ್ತೈತ್ರಿ? ನಿಮ್ಮ ಬೆಂಚಿನ ಮ್ಯಾಲಿಂದನ.”

ಗ್ಯಾರೇಜಿನ ಪಕ್ಕದಲ್ಲೇ ಇದ್ದ ರಜಾಕಸಾಬನ ಮನೆಯ ಮುಂದೆ ಒಂದು ಬೆಂಚು. ಅದರ ಮೇಲೆ ಸಾಲಾಗಿ ಪೆಟ್ರೋಲ್ ತುಂಬಿದ ಬಾಟಲಿ. ಕಾಲೇಜು ಬಿಟ್ಟು ಕೂತಿದ್ದ ಮಗ ಸರ್ಫರಾಜನಿಗೆ ಅಂತ ಮಾಡಿಕೊಟ್ಟ ವ್ಯಾಪಾರ. ರಜಾಕಸಾಬ ಎದ್ದುಹೋಗಿ ಒಂದು ಬಾಟಲಿ ಎತ್ತಿ ಬಿಸಿಲಿಗೆ ಹಿಡಿದ. ಅಂಗೈಗೆ ಸ್ವಲ್ಪ ಸುರಿದುಕೊಂಡು ತಿಕ್ಕಿದ. ಒಳ್ಳೆಯ ಪೆಟ್ರೋಲ್ ಆದರೆ ತಿಕ್ಕುವುದರೊಳಗೆ ಹಾರಿಹೋಗಬೇಕು. ಅವನು ಅಂಗೈಯನ್ನು ಪ್ಯಾಂಟಿಗೆ ಒರೆಸಿದ, ಮತ್ತೆ ಒರೆಸಿದ. ಶ್ರೀಶೈಲ ಅದನ್ನು ನೋಡಿದ್ದ. ಆದರೆ ರಜಾಕಭಾಯಿಯ ಮನೆಯ ಬಾಟಲಿಯ ಮೇಲೆ ಸಂಶಯಪಡುವ ಬುದ್ಧಿ ಅವನಿಗೆ ಹೊಳೆಯಲಿಲ್ಲ.

“ಗಾಡಿ ಇಲ್ಲೇ ಬಿಡು. ನಾಳೆ ಬಾ.”

ಮರುದಿನ ದೀಪ ಆರಿತ್ತು. ಗಾಡಿಯೂ ಜಗ್ಗುತ್ತಿತ್ತು.

“ಸೆನ್ಸರ್ ಕೆಟ್ಟಿತ್ತು. ಸರಿ ಮಾಡೇನಿ.”

“ನಿನ್ನೆ ಡಬ್ಬಿ ಕಟ್ಟೈತಿ ಅಂದಿದ್ರಿ?”

“ತಪ್ಪ ತಿಳದಿದ್ದೆ.”

ತಪ್ಪು ತಿಳಿದಿದ್ದೆ ಅನ್ನುವ ಮಾತು ಆ ಬಾಯಿಂದ ಶ್ರೀಶೈಲ ಮೊದಲ ಸಲ ಕೇಳಿದ್ದ. ಸೀಟಿನ ಕೆಳಗೆ ಎಲ್ಲೋ ಸಣ್ಣಗೆ ಸಿಳ್ಳೆ ಹೊಡೆದ ಸದ್ದು ಬರುತ್ತಿತ್ತು. ಕೇಳಿದ್ದಕ್ಕೆ, “ಇರ್ಲಿ ಬಿಡು, ಎಂಟ ದಿನ ಬಿಟ್ಟ ಮತ್ತ ಬಾ, ನೋಡೂಣು,” ಅಂದ. ಮಜೂರಿ ಕೊಡಲು ಹೋದರೆ ಕೈ ಹಿಂದೆ ತೆಗೆದ. ಚಹಾ ತರಿಸಿದ. ಕುಡಿಯುವಾಗ ಮುಖ ಕೊಟ್ಟು ಮಾತಾಡಲಿಲ್ಲ.

*

“ಶ್ರೀಶೈಲಪ್ಪಾರ, ಮಾಫ್ ಮಾಡ್ರಿ ಅಂತ ಜುಲುಮಿ ಮಾಡೂದು ನಮ್ಮೊಳಗಿಲ್ಲ,” ಅಂದರು ಮೌಲ್ವಿಸಾಬರು. ಮೆತ್ತಗಿನ ಮನುಷ್ಯ. “ಕೇಳೂದು ಮಗನ ಕೆಲಸ, ಕೊಡೂದು ಬಿಡೂದು ನಿಮ್ಮ ಮನಸ್ಸು. ಆದ್ರ ನಿಮ್ಮ ಮನಸ್ಸಿನಾಗ ಏನೈತಿ, ಅದನ್ನರ ಬಿಚ್ಚಿ ಹೇಳ್ರಿ. ಮಂದಿ ಕೇಳ್ಲಿ.”

“ಹೇಳ್ತೇನ್ರಿ. ಹೇಳಾಕನ ಬಂದೇನಿ.”

ಬರಬಾರದು ಅಂತಲೇ ಬೆಳಿಗ್ಗೆ ಅಂದುಕೊಂಡಿದ್ದ. ಅವನೀಗ ಒಬ್ಬ ದ್ರಾಕ್ಷಿ ಸಾಹುಕಾರನ ಜೀಪಿನ ಡ್ರೈವರ್. ಸಾಹುಕಾರನ ಕೆಲಸಕ್ಕೆ ಹೊರಟವನು, ಬಸ್ ನಿಲ್ದಾಣದ ಹತ್ತಿರ ಬರುತ್ತಿದ್ದಂತೆ ಜೀಪನ್ನು ತಾನೇ ಈ ಓಣಿಗೆ ತಿರುಗಿಸಿದ್ದ. ಜೀಪು ಹೊರಗೆ ಹುಣಸೆ ಗಿಡದ ಕೆಳಗೆ ನಿಂತಿತ್ತು.

“ಹೋದ ವರ್ಷ ವಿಜಾಪುರದಾಗ ನಮ್ಮ ಸಾಹುಕಾರ್ರ ಕಾರು ತೋರಸಾಕ ಹೋಗಿದ್ದೆ. ಅಲ್ಲಿ ಮಿಸ್ತ್ರಿ ಕೀಲಿ ತಿರುವಿದ. ದೀಪೆಲ್ಲ ಹತ್ತಿ ಆರಿದ್ವು. ಅಂವ ಅಂದ, ಗಾಡಿ ಚಾಲೂ ಮಾಡೂ ಮುಂದ ಈ ಹಳದಿ ದೀಪ ಒಮ್ಮೆ ಹತ್ತಲೇಬೇಕು. ಹತ್ತಲಿಲ್ಲಂದ್ರ ಯಾರೋ ಬಲ್ಬ್ ಕಿತ್ತಾರಂತ ತಿಳ್ಕೋ ಅಂತ. ನನಗ ಅಲ್ಲೇ ನೆನಪಾತು. ರಜಾಕಭಾಯಿ ರಿಪೇರಿ ಮಾಡಿ ಕೊಟ್ಟ ಮ್ಯಾಲೆ ನನ್ನ ವ್ಯಾನಿನಾಗ ಆ ದೀಪ ಒಂದ ಸಲಾನೂ ಹತ್ತಿದ್ದಿಲ್ಲ. ರೋಗ ಹೋಗಿದ್ದಿಲ್ಲ, ರೋಗ ತೋರಸೂ ಕಣ್ಣ ಕಿತ್ತಿದ್ದ!”

“ಬಾಯಿಗೆ ಬಂದಂಗ ಮಾತಾಡಬ್ಯಾಡ,” ಅಂದ ಒಬ್ಬ ಟೆಂಪೋದವನು. “ರಜಾಕಸಾಬ್ರು ಅಂಥಾ ಕೆಲಸ ಮಾಡೂ ಪೈಕಿ ಅಲ್ಲ.”

“ನಾನೂ ಹಂಗ ತಿಳದಿದ್ದೆ. ಅವತ್ತ ವಿಜಾಪುರದಿಂದ ಸೀದಾ ಗ್ಯಾರೇಜಿಗೆ ಬಂದು ಕೇಳಿದೆ. ಏನಂದ ಗೊತ್ತೈತೇನು? ‘ಹೌದು, ನಾನ ಕಿತ್ತೆ.’ ಯಾಕ ಅಂದೆ. ಬಾಯಿ ಬಿಡಲಿಲ್ಲ. ಒಂದ ಜೀಪಿನ ಕೆಳಗ ಸರದ. ನಾ ಬೈದೆ, ಒದರಿದೆ, ಅವರವ್ವ ಅವರಪ್ಪನ್ನ ತಂದು ಬೈದೆ. ಎರಡ ಪಾದ ಹೊರಗ ಕಾಣತಿದ್ವು, ಅಲಗಾಡಲಿಲ್ಲ. ಆ ಪಾದಕ್ಕ ಬೈದ ಬಂದೆ ನಾ. ಒಂದ ಪಾನಾದ ಸದ್ದ ಸುದ್ದಾ ಕೇಳಲಿಲ್ಲ.”

ಶ್ರೀಶೈಲ ಜನಾಜದ ಕಡೆ ಕೈ ತೋರಿಸಿದ.

“ನನ್ನ ವ್ಯಾನ್ ಸುಟ್ಟಿತಲ್ಲ, ನಮ್ಮಕ್ಕನ ಕಾಲ ಸುಟ್ಟಿದ್ವಲ್ಲ, ಅದು ನನ್ನ ಬೀಡಿಯಿಂದೋ, ಅಂವ ಕಿತ್ತ ಬಲ್ಬಿನಿಂದೋ? ಅಷ್ಟ ಗೊತ್ತಾಗಬೇಕು ನನಗ. ಅಂವಗ ಗೊತ್ತಿತ್ತು. ಹೇಳದ ಹೊಂಟ. ನೀವು ಮಾಫ್ ಮಾಡು ಅಂತೀರಿ. ಯಾವದನ್ನ ಮಾಫ್ ಮಾಡ್ಲಿ? ಮೊದಲ ಅದನ್ನ ಹೇಳ್ರಿ!”

*

ಸಂಕ್ರಾಂತಿ ಆಗಿ ಸ್ವಲ್ಪ ದಿನ. ಮೋರಟಗಿಯಲ್ಲಿ ಬೀಗರ ಮನೆಯಲ್ಲಿ ತೊಟ್ಟಿಲ ಕಾರ್ಯ ಇತ್ತು. ಶೇವಂತೆವ್ವ ಹೊಸ ಇಳಕಲ್ ಸೀರೆ ಉಟ್ಟು ಹಿಂದಿನ ಸೀಟಿನಲ್ಲಿ ಕೂತಿದ್ದಳು, ಮಡಿಲಲ್ಲಿ ಕೂಸಿನ ಕುಂಚಿಗೆಯ ಗಂಟು. ಪರಸಪ್ಪ ಮುಂದೆ, ಶ್ರೀಶೈಲನ ಬದಿಗೆ. ಶ್ರೀಶೈಲನ ಎಡಗೈ ಸ್ಟೀರಿಂಗ್ ಮೇಲೆ, ಬೀಡಿ ಹಿಡಿದ ಬಲಗೈ ಕಿಟಕಿಯ ಹೊರಗೆ. ಅಕ್ಕನಿಗೆ ಬೀಡಿಯ ವಾಸನೆ ಆಗುತ್ತಿರಲಿಲ್ಲ. ಆಕೆ ಗಾಡಿಯಲ್ಲಿದ್ದರೆ ಅವನ ಬಲಗೈ ಹೊರಗೇ ಇರುತ್ತಿತ್ತು.

ಸಿಂದಗಿ ದಾಟಿದ ಮೇಲೆ ಡಾಂಬರು ರಸ್ತೆಯ ಉದ್ದಕ್ಕೂ ಹುರಳಿ ಹರವಿದ್ದರು. ಕಣ ಮಾಡುವ ತ್ರಾಸ ಬೇಡ, ಗಾಡಿಗಳು ಹಾದುಹೋದರೆ ಕಾಳು ತಾನೇ ಉದುರುತ್ತದೆ ಅಂತ ರೈತರು ಹಾಗೆ ಹರವುತ್ತಾರೆ. “ಮ್ಯಾಲ ಹಾಯಿಸ್ರಿ, ಮ್ಯಾಲ ಹಾಯಿಸ್ರಿ” ಅಂತ ಒಬ್ಬಾಕೆ ಕೈಬೀಸಿದಳು. ಶ್ರೀಶೈಲ ನಿಧಾನಕ್ಕೆ ಹಾಯಿಸಿದ. ಒಣಗಿದ ಬಳ್ಳಿಗಳು ಗಾಡಿಯ ಹೊಟ್ಟೆಗೆ ಕರಕರ ಉಜ್ಜಿದವು, ಸುತ್ತಿಕೊಂಡವು. ಸಿಳ್ಳೆಯ ಸದ್ದು ನಿಂತಿತು.

ಸ್ವಲ್ಪ ಮುಂದೆ ಹೋಗುವುದರೊಳಗೆ ಅಕ್ಕ ಕಿರುಚಿದಳು. ಹಿಂದೆ ಹೊಗೆ. ಗಾಡಿ ನಿಲ್ಲಿಸಿ ಇಳಿದು ಓಡಿದರೆ ಜಾರುವ ಬಾಗಿಲು ಸಿಕ್ಕಿಕೊಂಡಿತ್ತು. ಜಗ್ಗಿದ, ಒದ್ದ. ಬಾಗಿಲು ತೆಗೆದಾಗ ಕೆಳಗಿನ ಹಾಸು ಕರಗಿ ಆಕೆಯ ಅಂಗಾಲಿಗೆ ಹತ್ತಿಕೊಂಡಿತ್ತು. ಎತ್ತಿಕೊಂಡು ಹೊಲಕ್ಕೆ ಬಿದ್ದ. ಹಿಂದೆ ವ್ಯಾನ್ ಧಗಧಗ ಉರಿಯಿತು.

ಆಸ್ಪತ್ರೆಯಲ್ಲಿ ಕೇಳಿದವರಿಗೆಲ್ಲ ಪರಸಪ್ಪ ಒಂದೇ ಕತೆ ಹೇಳಿದ. “ಬೀಡಿ ರಿ. ಮುಂದಿನ ಕಿಡಕಿಯಿಂದ ಕಿಡಿ ಹಾರಿ ಹಿಂದಿನ ಕಿಡಕಿಯಾಗ ಬಿತ್ತು. ನಾನ ಬಾಜೂಕ ಇದ್ದೆ, ನನಗ ಗೊತ್ತಿಲ್ಲೇನು?” ಬೈಯಬೇಕು ಅಂದರೆ ಶ್ರೀಶೈಲನ ಬಾಯಿ ಏಳಲಿಲ್ಲ. ಅಕ್ಕ ಕಿರುಚಿದಾಗ ಆ ಬೀಡಿಯನ್ನು ಎಲ್ಲಿ ಎಸೆದೆ ಅನ್ನುವುದು ಅವನಿಗೆ ನೆನಪೇ ಇರಲಿಲ್ಲ. ಎಷ್ಟು ತಿಣುಕಿದರೂ ಬಾರದು. ಹೊರಗೆ ಎಸೆದೆನೋ? ಗಾಡಿಯೊಳಗೇ ಬಿತ್ತೋ?

ಅಲ್ಲಿಗೆ ರಜಾಕಸಾಬ ದಿನಾ ಬರುತ್ತಿದ್ದ. ಮೋಸಂಬಿ ತರುತ್ತಿದ್ದ. ಅಕ್ಕನ ಕಾಲಿನ ಕಟ್ಟು ನೋಡಿ ಹೆಂಗಸಿನ ಹಾಗೆ ಅಳುತ್ತಿದ್ದ. ಎಂಥಾ ಅಂತಃಕರಣ ಅಂತ ಮಂದಿ ಹೊಗಳಿದರು. ಪರಸಪ್ಪನ ಬೀಡಿಯ ಕತೆಯನ್ನು ಪ್ರತಿ ಸಲವೂ ತಲೆ ಬಗ್ಗಿಸಿ ಕೇಳಿದ. ಒಂದು ದಿನ ಶ್ರೀಶೈಲ ಅವನೆದುರಿಗೇ ಬೀಡಿಯ ಕಟ್ಟನ್ನು ಮುರಿದು ಗಟಾರಕ್ಕೆ ಒಗೆದು, “ಈ ಕೈ ಕಡದ ಹಾಕಬೇಕ್ರಿ ರಜಾಕಭಾಯಿ,” ಅಂತ ಅತ್ತಿದ್ದ. ರಜಾಕಸಾಬ ಆ ಕೈಯನ್ನು ಹಿಡಿದುಕೊಂಡು ಕೂತ. ಏನೂ ಅನ್ನಲಿಲ್ಲ. ಏನೂ!

ಅಕ್ಕ ಬದುಕಿದಳು, ಕುಂಟಿದಳು. ತಮ್ಮನ ಜೊತೆ ಮಾತು ಬಿಡಲಿಲ್ಲ. ಆದರೆ ಅವನು ನಡೆಸುವ ಯಾವ ಗಾಡಿಯನ್ನೂ ಮತ್ತೆ ಹತ್ತಲಿಲ್ಲ. ಅವನು ಮನೆಗೆ ಹೋದರೆ ಊಟಕ್ಕೆ ಬಡಿಸುವ ಮೊದಲು ಹತ್ತಿರ ಬಂದು ಅಂಗಿ ಮೂಸುತ್ತಿದ್ದಳು. ಐದಾರು ವರ್ಷ ಮೂಸಿದಳು. ಒಮ್ಮೆಯೂ ವಾಸನೆ ಸಿಗಲಿಲ್ಲ, ಒಮ್ಮೆಯೂ ಮೂಸುವುದು ಬಿಡಲಿಲ್ಲ.

*

“ಸರ್ಫರಾಜಾ, ನೀ ಹೇಳ್ತಿ ಏನ್ ನಾ ಹೇಳ್ಲಿ?”

ಬಾಗಿಲಿಗೆ ಕಟ್ಟಿದ ಪರದೆಯ ಹಿಂದಿನಿಂದ ಬಂದ ದನಿ. ರಜಾಕಸಾಬನ ಹೆಂಡತಿ ಬಿಬಿಜಾನ. ಗಂಡ ಸತ್ತಾಕೆ ಗಂಡಸರ ನಡುವೆ ದನಿ ತೆಗೆಯುವುದು ಅಲ್ಲಿ ಯಾರೂ ಕಂಡದ್ದಲ್ಲ. ಮೌಲ್ವಿಸಾಬರು ಮುಖ ಆಚೆ ತಿರುಗಿಸಿದರು.

“ಅಮ್ಮೀ, ಒಳಗ ನಡಿ.”

“ಒಳಗ ಇದ್ದ ಇದ್ದ ಸಾಕಾಗೈತಿ. ನಿಮ್ಮ ಅಬ್ಬಾ ಬೈಸಿಕೊಂಡ ಮಣ್ಣಿಗೆ ಹೋಗಬೇಕೇನೋ? ಆ ಬೈಗುಳ ನಿಂದು. ನಂದು.”

“ಅಮ್ಮೀ!”

“ಶ್ರೀಶೈಲಪ್ಪಾ, ಕೇಳು ತಮ್ಮಾ. ಬೆಂಚಿನ ಮ್ಯಾಲಿನ ಪೆಟ್ರೋಲಿನಾಗ ಈ ನನ್ನ ಮಗ ರೇಶನ್ನಿನ ಚಿಮಣಿ ಎಣ್ಣಿ ಕೂಡಸ್ತಿದ್ದ. ನಿನ್ನ ಗಾಡಿಗೂ ಅದನ್ನ ಹಾಕಿದ್ದ. ಆ ಡಬ್ಬಿ ಕಟ್ಟಿದ್ದು ಅದರಿಂದ. ಅವತ್ತ ಮನಿಗೆ ಬಂದು ಇವಗ ಚಪ್ಪಲಿಲೆ ಬಡದ್ರು. ಇಂವ ಬಾವಿ ಬೀಳ್ತೇನಿ ಅಂತ ಓಡಿದ. ನಾ ಅವರ ಕಾಲ ಹಿಡದೆ. ಹೇಳಬ್ಯಾಡ್ರಿ, ಹುಡುಗನ ಹೆಸರ ಕೆಡತೈತಿ, ಊರಾಗ ಹೆಣ್ಣ ಸಿಗಂಗಿಲ್ಲ ಅಂದೆ. ಸೊಲ್ಲಾಪುರದಿಂದ ಹೊಸಾ ಡಬ್ಬಿ ತರಿಸಿ ಸುಮ್ಮನ ಹಾಕಿ ಕೊಡ್ತೇನಿ ಅಂದ್ರು. ಅಲ್ಲೀತನ ಗಾಡಿ ಉಸಿರಾಡ್ಲಿ ಅಂತ ಆ ಸೆನ್ಸರೋ ಏನೋ, ಅದನ್ನ ಸಡ್ಲ ಬಿಟ್ಟಿದ್ರು. ಸಡ್ಲ ಬಿಟ್ರ ದೀಪ ಹತ್ತತೈತಿ. ದೀಪ ಹತ್ತಿದ್ರ ನೀ ಬ್ಯಾರೆ ಮಿಸ್ತ್ರಿ ಕಡೆ ಹೋಗ್ತಿ. ಅದಕ್ಕ ಬಲ್ಬ್ ಕಿತ್ರು.”

ಶ್ರೀಶೈಲನಿಗೆ ಆ ಸಿಳ್ಳೆ ಕೇಳಿಸಿತು. ಸೀಟಿನ ಕೆಳಗಿನ ಸಣ್ಣ ಸಿಳ್ಳೆ. ಸಡಿಲ ಬಿಟ್ಟ ತೂತಿನಿಂದ ಬೆಂಕಿಯಂಥ ಹೊಗೆ ಹೊರಗೆ ಚಿಮ್ಮುತ್ತಿತ್ತು. ಅದಕ್ಕೆ ಒಣ ಹುರಳಿಯ ಬಳ್ಳಿ ಸುತ್ತಿಕೊಂಡಿತು. ಆಗ ಸಿಳ್ಳೆ ನಿಂತಿತ್ತು.

“ಎಂಟ ದಿನದಾಗ ಬರಬೇಕಾದ ಡಬ್ಬಿ ಬರಲಿಲ್ಲ. ನಿನ್ನ ಗಾಡಿ ಸುಟ್ಟ ಮ್ಯಾಲೆ ಬಂತು,” ಅಂದಳು ಬಿಬಿಜಾನ.

ಪರದೆಯ ಕೆಳಗಿನಿಂದ ಬಳೆಯಿಲ್ಲದ ಒಂದು ಕೈ ಏನನ್ನೋ ಹೊರಗೆ ನೂಕಿತು. ಧೂಳು ತಿಂದ ರಟ್ಟಿನ ಪೆಟ್ಟಿಗೆ. ಸುತ್ತಿದ ಸುತಳಿಯನ್ನು ಯಾರೂ ಬಿಚ್ಚಿರಲಿಲ್ಲ. ಕಲ್ಲಿನ ಮೇಲೆ ಜಾರಿ ಬಂದು ಜನಾಜದ ಮಂಚದ ಕಾಲಿಗೆ ಬಡಿದು ನಿಂತಿತು.

“ಅವರ ಮಂಚದ ಬುಡಕ ಇತ್ತು. ಒಗೀರಿ ಅಂದ್ರ ಒಗೀಲಿಲ್ಲ, ಮಾರ್ರಿ ಅಂದ್ರ ಮಾರಲಿಲ್ಲ. ಅದರ ಮ್ಯಾಲೆ ಮಲಗ್ತಿದ್ರು, ಏಳ್ತಿದ್ರು.”

ಮಂದಿಯೆಲ್ಲ ಸರ್ಫರಾಜನನ್ನು ನೋಡಿದರು. ಅವನು ಆ ಪೆಟ್ಟಿಗೆಯನ್ನು ನೋಡುತ್ತಿದ್ದ. “ಹೇಳಬೇಕಂತ ಭಾಳ ಸಲ ಬಂದಿದ್ದೆ ಕಾಕಾ. ನಿಮ್ಮ ಮನಿ ಬಾಗಲತನ...”

“ಬಾಗಲತನ ಬರಾಕ ಕಾಲ ಇದ್ವು, ಹೇಳಾಕ ಬಾಯಿ ಇದ್ದಿಲ್ಲೇನು?” ಅಂದ ಶ್ರೀಶೈಲ. ಕೂಗಲಿಲ್ಲ. ದನಿ ಎಲ್ಲೋ ಇಳಿದು ಹೋಗಿತ್ತು. ಜನಾಜದ ಹತ್ತಿರ ಹೋಗಿ ನಿಂತ. “ಡಬ್ಬಿ ತರಿಸಿದಿ. ಮೋಸಂಬಿ ತಂದಿ. ಒಂದ ಮಾತ ತರಾಕ ಆಗಲಿಲ್ಲ ನಿನಗ? ನನ್ನ ಕೈ ಹಿಡಕೊಂಡ ಕುಂತಿದ್ದೆಲ್ಲೋ! ಈ ಕೈ ಕಡೀಬೇಕು ಅಂದಾಗ, ಬ್ಯಾಡ ಶ್ರೀಶೈಲಾ, ನಿಂದಲ್ಲ ತಪ್ಪು ಅಂದಿದ್ರ, ಅಷ್ಟ ಅಂದಿದ್ರ ಸಾಕಿತ್ತಲ್ಲ!”

ಪರಸಪ್ಪ ಕೆಮ್ಮಿದ.

“ಆದ್ರೂ ಅವತ್ತ ಇಂವ ಬೀಡಿ ಸೇದಾಕತ್ತಿದ್ದು ಖರೇ ಐತಿ ಮತ್ತ. ನಾ ಏನ್ ಸುಳ್ಳ ಹೇಳಿಲ್ಲ.”

ಅವನ ಪಕ್ಕದಲ್ಲಿದ್ದವರೇ ಅವನನ್ನು ಮೊಣಕೈಯಿಂದ ತಿವಿದರು.

“ಬಿಸಲ ಏರಾಕತ್ತೈತಿ,” ಅಂದರು ಮೌಲ್ವಿಸಾಬರು. “ಶ್ರೀಶೈಲಪ್ಪಾರ, ಈಗರ...”

“ನನ್ನ ಯಾಕ ಕೇಳ್ತೀರಿ? ಸುಟ್ಟದ್ದು ನಮ್ಮಕ್ಕನ ಕಾಲು. ಒಳಗ ಕುಂತಾಳ, ಆಕಿನ್ನ ಕೇಳ್ರಿ.”

ಹಾಗೆ ಕೇಳಿಸುವುದರಲ್ಲಿ ಒಂದು ಸೇಡೂ ಇತ್ತು. ಅಕ್ಕನ ಸಿಟ್ಟು ಎಂಥದು ಅಂತ ಅವನಿಗೆ ಗೊತ್ತಿತ್ತು. ಐದಾರು ವರ್ಷ ಮೂಸಿದ ಮೂಗು ಅದು. ಹೊರಗೆ ಬಂದು ಸರ್ಫರಾಜನ ಕೆನ್ನೆಗೆ ಬಿಗಿಯುತ್ತಾಳೆ, ಊರೆಲ್ಲ ಕೇಳುವ ಹಾಗೆ ಒದರುತ್ತಾಳೆ, ಆಮೇಲೆ ತನ್ನ ಕಡೆ ನೋಡುತ್ತಾಳೆ ಅಂದುಕೊಂಡ.

ಪರದೆ ಸರಿಯಿತು. ಶೇವಂತೆವ್ವ ಚೌಕಟ್ಟು ಹಿಡಿದು, ಕುಂಟುತ್ತ ಹೊಸ್ತಿಲ ಮೇಲೆ ಬಂದು ನಿಂತಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. ಜನಾಜದ ಕಡೆ ಒಮ್ಮೆ ನೋಡಿದಳು.

“ನಾ ಮಾಫ್ ಮಾಡೇನ್ರಪಾ. ಒಯ್ಯ್ರಿ. ಪಾಪ, ದಿನಾ ಮೋಸಂಬಿ ತರತಿದ್ದ.”

ಅಷ್ಟೇ. ಒಂದು ಉಸಿರಿನಲ್ಲಿ.

ಮಂದಿ ನಿಟ್ಟುಸಿರು ಬಿಟ್ಟರು. ಯಾರೋ ಆಕೆಗೆ ಕೈ ಮುಗಿದರು. ಎತ್ತುವವರು ಮಂಚದ ಕಾಲುಗಳ ಹತ್ತಿರ ಬಗ್ಗಿದರು. ಸರ್ಫರಾಜ ಪೆಟ್ಟಿಗೆಯನ್ನು ಬದಿಗೆ ಸರಿಸಿ ಮುಂದಿನ ಹಿಡಿಕೆಗೆ ಕೈ ಹಾಕಿದ.

ಶ್ರೀಶೈಲ ಹೊಸ್ತಿಲಿಗೆ ಹೋದ.

“ಇಷ್ಟ ಸಾಕಾತೇನಕ್ಕಾ?”

“ಏನು?”

“ಒಂದ ಮಾತಿಗೆ ಮಾಫ್ ಆತು. ಕಾಲ ಸುಟ್ಟಾವ ಅಂವ. ನನ್ನ ಅಂಗಿ ಯಾಕ ಮೂಸ್ತಿದ್ದಿ ಇಷ್ಟ ವರ್ಷ?”

“ಸತ್ತಾವನ ಮ್ಯಾಲೆ ಏನ್ ಸಿಟ್ಟೋ ಶ್ರೀಶೈಲಾ?”

“ನಾ ಬದಕಿದ್ನೆಲ್ಲ! ಅದ ತಪ್ಪೇನು ನಂದು?”

ಶೇವಂತೆವ್ವ ತಮ್ಮನ ಮುಖ ನೋಡಿದಳು. ಆಕೆಗೂ ರೇಗಿತು.

“ನೀ ನಮ್ಮವ ಅಲ್ಲೇನು? ನಿನ್ನ ಮ್ಯಾಲೆ ಸಿಟ್ಟ ಇಟಗೊಂಡ್ರ ನಡೀತೈತಿ. ಎಲ್ಲಿ ಹೋಗ್ತಿ ನೀ ನನ್ನ ಬಿಟ್ಟು? ಹೊರಗಿನವರ ಮ್ಯಾಲೆ ಎಷ್ಟ ದಿನಾ ಇಟಗೊಳ್ಳಾಕ ಬರತೈತಿ?”

ಹಿಂದೆ ಕಲಿಮಾ ಹೇಳುವ ದನಿ ಎದ್ದಿತು. ಜನಾಜ ಹೆಗಲಿಗೇರಿತು. ಶುಕ್ರವಾರ ಕೊನೆಯ ಸಾಲಿನಲ್ಲಿ ನಿಲ್ಲುತ್ತಿದ್ದವನು ಎಲ್ಲರಿಗಿಂತ ಮುಂದೆ, ಎಲ್ಲರ ತಲೆಗಿಂತ ಎತ್ತರದಲ್ಲಿ ಅಂಗಳ ದಾಟಿ ಹೋದ. ಗಂಡಸರೆಲ್ಲ ಹಿಂದೆ ಹೋದರು. ಪರಸಪ್ಪನೂ ಹೋದ.

“ಆತಲ್ಲ, ಈಗ ಗೊತ್ತಾತಲ್ಲ,” ಅಂದಳು ಶೇವಂತೆವ್ವ. ದನಿ ಮೆತ್ತಗಾಗಿತ್ತು. “ನಿನ್ನ ಬೀಡಿ ಅಲ್ಲ. ನಡಿ, ಮನಿಗೆ ಬಿಡು ನನ್ನ. ನಿನ್ನ ಜೀಪಿನಾಗ ಬರ್ತೇನಿ.”

ಈ ಒಂದು ಮಾತಿಗೆ ಅವನು ಎಷ್ಟು ಕಾದಿದ್ದ. ಅಕ್ಕ ಗಾಡಿ ಹತ್ತಿದ ಹಾಗೆ, “ಮೆಲ್ಲಕ ಹೊಡಿಯೋ” ಅಂದ ಹಾಗೆ ಕನಸು ಬೀಳುತ್ತಿತ್ತು. ಈಗ ಆ ಮಾತು ಬಂತು. ಬಂದದ್ದು ಅವನನ್ನು ನಂಬಿ ಅಲ್ಲ. ಪರದೆಯ ಹಿಂದಿನ ಒಬ್ಬ ಹೆಂಗಸು ಸಾಕ್ಷಿ ಹೇಳಿದ ಮೇಲೆ.

“ಬಸ್ ಅದಾವಲ್ಲ,” ಅಂದ.

“ಏನಂದಿ?”

“ಇಷ್ಟ ದಿನಾ ಬಸ್ಸಿಗೆ ಹೋಗ್ತಿದ್ದೆಲ್ಲ. ಬಸ್ ಅದಾವು.”

ಅಂಗಳ ದಾಟಿದ. ಖಾಲಿ ಬೆಂಚು ದಾಟಿದ. ಬೆಂಕಿಯಾದ ಮೇಲೆ ಅದರ ಮೇಲೆ ಬಾಟಲಿ ಇಟ್ಟಿರಲಿಲ್ಲ. ಅದನ್ನೂ ನೋಡಿದ್ದ ಅವನು. ನೋಡಿದ್ದೆಲ್ಲ ಒಂದೊಂದಾಗಿ ಈಗ ಹೊಳೆದು ಅವನಿಗೆ ತನ್ನ ಮೇಲೂ ಉರಿ ಎದ್ದಿತು. ಹುಣಸೆ ಗಿಡದ ಕೆಳಗೆ ಸಾಹುಕಾರನ ಜೀಪು ನಿಂತಿತ್ತು. ಕೀಲಿ ಅದರಲ್ಲೇ ಇತ್ತು. ಅದರ ಪಕ್ಕದಲ್ಲೇ ನಡೆದು ಮುಂದೆ ಹೋದ.

“ಶ್ರೀಶೈಲಾ! ಏ ಶ್ರೀಶೈಲಾ!”

ತಿರುಗಲಿಲ್ಲ. ಓಣಿಯ ತುದಿಯ ಪಾನಂಗಡಿಯಲ್ಲಿ ನಿಂತು ಒಂದು ಕಟ್ಟು ಬೀಡಿ ಕೇಳಿದ. ಅಂಗಡಿಯವನು ಹುಬ್ಬೇರಿಸಿದ, ಕೊಟ್ಟ. ಶ್ರೀಶೈಲ ಕಡ್ಡಿ ಗೀರಿ ಹಚ್ಚಿದ. ಮೊದಲ ದಮ್ಮಿಗೇ ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ಕಡ್ಡಿಯನ್ನು ಎಸೆಯಲಿಲ್ಲ. ಊದಿ, ಬೆರಳಲ್ಲಿ ಹೊಸಕಿ, ತಣ್ಣಗಾದದ್ದನ್ನು ಮುಟ್ಟಿ ನೋಡಿ ಜೇಬಿಗೆ ಹಾಕಿಕೊಂಡ.

ಅಲ್ಲಿಂದ ಒಮ್ಮೆ ಹಿಂದೆ ನೋಡಿದ. ಜನಾಜ ಆ ಕಡೆಯ ತಿರುವಿನಲ್ಲಿ ಮರೆಯಾಗಿತ್ತು. ಹುಣಸೆ ಗಿಡದ ಕೆಳಗೆ ಅಕ್ಕ ಜೀಪು ಹತ್ತಿ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಕಾಲುಗಳನ್ನು ಕೆಳಗೆ ಬಿಟ್ಟಿರಲಿಲ್ಲ. ಸೀಟಿನ ಮೇಲೆ ಎತ್ತಿಟ್ಟು, ಸೀರೆಯೊಳಗೆ ಮುಚ್ಚಿಕೊಂಡು, ಈ ಕಡೆಯೇ ನೋಡುತ್ತಿದ್ದಳು.

ಶ್ರೀಶೈಲ ಸಿಂದಗಿಯ ರಸ್ತೆ ಹಿಡಿದು ನಡೆದ. ರಸ್ತೆಯಲ್ಲಿ ಅವನ ಜೊತೆ ಯಾರೂ ಇರಲಿಲ್ಲ. ಆದರೂ ಬೀಡಿ ಹಿಡಿದ ಬಲಗೈಯನ್ನು ಮೈಯಿಂದ ದೂರಕ್ಕೆ, ಹೊರಗೆ, ಕಿಟಕಿಯಿಂದ ಚಾಚಿದ ಹಾಗೆ ಚಾಚಿಕೊಂಡೇ ನಡೆದ.